ಹವಲ್ದಾರನ ಹಾಜರಿ ಪಟ್ಟಿ



ಸೈನ್ಯದ ವಿಚಾರವಾಗಿ ಮಾತನಾಡತಕ್ಕವರು ಸಾಮಾನ್ಯವಾಗಿ ಸೇನಾಪತಿಗಳಿಂದ ಆರಂಭಿಸುತ್ತಾರೆ. ನಾವು ಈ ಹೊತ್ತು ಹವಲ್ದಾರನಿಂದ ಆರಂಭಿಸೋಣವೆಂದಿದ್ದೇವೆ. ಸೇನಾಪತಿಗೆ ಕೀರ್ತಿಯುಂಟು, ಸಿಪಾಯಿಗೆ ಕಷ್ಟವುಂಟು. ಇವರಿಬ್ಬರ ನಡುವೆ ನಿಂತ ಹವಲ್ದಾರನಿಗೆ ಇರುವುದು ಒಂದು ಪಟ್ಟಿ. ಯಾರು ಹಾಜರು, ಯಾರು ಗೈರುಹಾಜರು, ಎಷ್ಟು ಸೇರು ಅಕ್ಕಿ ಬಂದಿತು, ಎಷ್ಟು ಕುದುರೆಗಳು ಹುರುಳಿ ತಿಂದುವು ಎಂಬುದೆಲ್ಲವೂ ಅದರಲ್ಲಿರುತ್ತದೆ. ಮೇಲಿನವರು ಸೈನ್ಯವನ್ನು ಕಾಣುವುದು ಆ ಪಟ್ಟಿಯ ಮೂಲಕ. ಕೆಳಗಿನವರು ಉಣ್ಣುವುದೂ ಆ ಪಟ್ಟಿಯ ಮೂಲಕವೇ. ಪಟ್ಟಿ ಬರೆಯುವ ಕೈ ತುಸು ಚುರುಕಾಗಿದ್ದರೆ ನಡುವೆ ಏನೇನು ವಿನೋದ ನಡೆಯಬಹುದೆಂಬುದನ್ನು ತಾವೇ ಊಹಿಸಿಕೊಳ್ಳಬಹುದು.

ಲೋಕದ ಸಾಹಿತ್ಯದಲ್ಲಿ ಈ ಮನುಷ್ಯನಿಗೆ ನಿಶ್ಚಿತವಾದ ಒಂದು ಪೀಠವುಂಟು. ಷೇಕ್ಸ್‌ಪಿಯರನ ಫಾಲ್‌ಸ್ಟಾಫನು ಹವಲ್ದಾರನಿಗಿಂತ ಒಂದೆರಡು ಮೆಟ್ಟಿಲು ಮೇಲಿನವನಾದರೂ ಈ ವಂಶದ ಮೂಲಪುರುಷನೆಂದೇ ಹೇಳಬೇಕು. ಯುದ್ಧಕ್ಕೆ ಜನ ಸೇರಿಸಲು ಹಳ್ಳಿಗೆ ಹೋದ ಆ ಮಹಾನುಭಾವನು ಗಟ್ಟಿಮುಟ್ಟಾದವರಿಂದ ರುಸುವತ್ತು ತೆಗೆದುಕೊಂಡು ಅವರನ್ನು ಮನೆಗೆ ಕಳುಹಿಸಿ, ಗಾಳಿ ಬೀಸಿದರೆ ಬೀಳುವಂಥ ಬಡಕಲರನ್ನು ದಂಡಿಗೆ ಸೇರಿಸಿದನು. ಫಾರ್ಕ್ವರನೆಂಬ ನಾಟಕಕಾರನು 1706ರಲ್ಲಿ ರಂಗಕ್ಕೆ ತಂದ ಸಾರ್ಜೆಂಟ್ ಕೈಟನು ಜೋಯಿಸನ ವೇಷ ಹಾಕಿ, ಭವಿಷ್ಯ ಹೇಳುವ ನೆಪದಲ್ಲಿ ಊರಿನವರನ್ನು ಸಿಪಾಯಿಗಳನ್ನಾಗಿ ಮಾಡುತ್ತಾನೆ. ಅಮೆರಿಕದವರು 1955ರಿಂದ 1959ರವರೆಗೆ ದೂರದರ್ಶನದಲ್ಲಿ ಕಂಡು ನಕ್ಕ ಸಾರ್ಜೆಂಟ್ ಬಿಲ್ಕೊ ಎಂಬವನು ಕಾನ್ಸಾಸ್ ಪ್ರಾಂತದ ಒಂದು ಕಲ್ಪಿತ ದಂಡಿನಲ್ಲಿ ವಾಹನಶಾಲೆಯ ಮೇಲ್ವಿಚಾರಕ. ಇಸ್ಪೀಟು, ಪಂದ್ಯ, ಚಂದಾ, ಬಾಡಿಗೆ ಇವುಗಳಲ್ಲಿ ಕಳೆಯದ ದಿನ ಅವನ ಪಾಲಿಗೆ ವ್ಯರ್ಥವಾದ ದಿನ. ಏನೋ ನಡೆಯುತ್ತಿದೆಯೆಂಬ ಅನುಮಾನ ಅವನ ಕರ್ನಲ್ಲನಿಗೆ ಸದಾ ಇದ್ದಿತು. ಅದು ಏನೆಂಬುದು ಮಾತ್ರ ಹೊಳೆಯುತ್ತಿರಲಿಲ್ಲ.

ಇವರೆಲ್ಲರನ್ನೂ ನೋಡಿ ನಾವು ನಗುವುದೇತಕ್ಕೆ? ಕಾಗದದ ಮೇಲಿನ ಸೈನ್ಯ ಒಂದು, ನೆಲದ ಮೇಲಿನ ಸೈನ್ಯ ಇನ್ನೊಂದು. ಇವೆರಡರ ನಡುವಣ ಸಂದಿನಲ್ಲಿ ಹವಲ್ದಾರನು ಸಂಸಾರ ಹೂಡಿರುತ್ತಾನೆ. ಆ ಸಂದು ನಮ್ಮೆಲ್ಲರಿಗೂ ಪರಿಚಿತ. ಕಚೇರಿಯಲ್ಲಿ ಕೆಲಸ ಮಾಡಿದವರಿಗಂತೂ ಅದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಆದರೆ ಆ ಸಂದಿನಲ್ಲಿ ವಿನೋದ ಮಾತ್ರವೇ ಹುಟ್ಟುವುದಿಲ್ಲ. ಅದನ್ನು ತೋರಿಸುವುದಕ್ಕಾಗಿ ನಾವು ತಮ್ಮನ್ನು ಕಡೆಗೆ ಮಾಗಡಿಯ ಸಮೀಪದ ಸಾವನದುರ್ಗದವರೆಗೆ ಕರೆದುಕೊಂಡು ಹೋಗಬೇಕಾಗಿದೆ. ದಾರಿಯಲ್ಲಿ ಎರಡು ಕಡೆ ಇಳಿದು ಹೋಗೋಣ.

ಮೊದಲನೆಯ ತಂಗು ದಿಂಡಿಗಲ್ಲು. ನಮ್ಮ ದೇಶದಲ್ಲಿ ಬಿಲ್ಕೊವಿನಂಥವನು ಇದ್ದನೆ ಎಂದು ಯಾರಾದರೂ ಕೇಳಿದರೆ, ಇದ್ದನು, ಮತ್ತು ಅವನು ಕಡೆಗೆ ರಾಜ್ಯವನ್ನೇ ಸಂಪಾದಿಸಿದನು ಎಂದು ಧೈರ್ಯವಾಗಿ ಉತ್ತರ ಹೇಳಬಹುದು. ಹೈದರಾಲಿಯು 1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ತನ್ನ ಶೌರ್ಯದಿಂದ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿದ್ದು, 50 ಕುದುರೆ, 200 ಕಾಲಾಳುಗಳ ಸಣ್ಣ ತುಕಡಿಯೊಂದರ ಯಜಮಾನನಾದನು. 1755ರಲ್ಲಿ ದಿಂಡಿಗಲ್ಲಿನ ಫೌಜದಾರಿ ಅವನಿಗೆ ದೊರಕಿತು. ಓದುಬರಹ ಬಾರದ ಈ ಸರದಾರನಿಗೆ ಖಂಡೇರಾಯನೆಂಬ ಲೆಕ್ಕಪತ್ರ ನಿಪುಣನು ಜೊತೆಯಾದನು. ಒಬ್ಬನಿಗೆ ಅಪಾರವಾದ ಜ್ಞಾಪಕಶಕ್ತಿ, ಇನ್ನೊಬ್ಬನಿಗೆ ಅಪಾರವಾದ ಕೈಬರಹ. ಇನ್ನು ಸರಕಾರದ ಖಜಾನೆಯನ್ನು ಕಾಯುವವರು ಯಾರು?

ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕರ್ನಲ್ ವಿಲ್ಕ್ಸರು ತಮ್ಮ ಮೈಸೂರು ಚರಿತ್ರೆಯಲ್ಲಿ ಈ ದಿನಗಳ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾರೆ. ವಿಲ್ಕ್ಸರು ಇಂಗ್ಲಿಷರ ಪಕ್ಷದವರು. ಹೈದರನ ವಿಷಯದಲ್ಲಿ ಅವರ ಮಾತನ್ನು ಒರೆಗೆ ಹಚ್ಚಿಯೇ ಸ್ವೀಕರಿಸಬೇಕು. ಆದರೂ ಈ ಕಥೆಯನ್ನು ಅವರು ಹೇಳುವ ರೀತಿಯಲ್ಲಿ ದ್ವೇಷಕ್ಕಿಂತ ಮೆಚ್ಚಿಕೆಯೇ ಹೆಚ್ಚಾಗಿ ಕಾಣುತ್ತದೆ. ದಿಂಡಿಗಲ್ಲಿನ ಕಡೆ ಒಂದು ಕಾಳಗವಾಯಿತು. ಗಾಯಗೊಂಡ ಸಿಪಾಯಿಗಳಿಗೆ ಸರಕಾರವು ಭತ್ಯ ಕೊಡುವ ಪದ್ಧತಿಯಿದ್ದಿತು. ಹೈದರನು ಗಾಯಾಳುಗಳ ಪಟ್ಟಿಯನ್ನು ಕಳುಹಿಸಿದನು. ಪಟ್ಟಿ ಉದ್ದವಾಗಿದ್ದುದರಿಂದ ಪರೀಕ್ಷಿಸಿ ಹಣ ಹಂಚಲು ಒಬ್ಬ ಅಧಿಕಾರಿ ಬಂದನು. ಬಂದವನು ಕಂಡುದೇನು? ಸುಮಾರು 700 ಮಂದಿ, ಒಬ್ಬನಿಗೆ ಕೈಗೆ, ಒಬ್ಬನಿಗೆ ಕಾಲಿಗೆ, ಅರಿಸಿನದಲ್ಲಿ ಅದ್ದಿದ ಬಟ್ಟೆಯ ಕಟ್ಟು. ನಿಜವಾಗಿ ಗಾಯವಾಗಿದ್ದವರು 67 ಮಂದಿ. ಕಟ್ಟನ್ನು ಬಿಚ್ಚಿ ನೋಡುವಷ್ಟು ನಿರ್ದಯಿಯಾದ ಅಧಿಕಾರಿ ಯಾವ ಕಾಲದಲ್ಲಿಯೂ ಅಪರೂಪ. ಹಣ ಸಂದಾಯವಾಯಿತು.

ಹಾಜರಿಯ ವಿಷಯದಲ್ಲಿಯೂ ಇದೇ ಕೌಶಲ. ಎಣಿಕೆಗೆ ಬಂದ ಅಧಿಕಾರಿಯ ಮುಂದೆ ದಂಡು ಸಾಲಾಗಿ ನಡೆದುಹೋಗುವುದು. ಹೋದ ಸಾಲು ಹಿಂದಿನಿಂದ ಸುತ್ತಿ ಬಂದು ಮತ್ತೆ ಮುಂದೆ ನಡೆಯುವುದು. ಹೀಗೆ ಪ್ರದಕ್ಷಿಣೆ ಬಂದ 10,000 ಜನರು ಲೆಕ್ಕದಲ್ಲಿ 18,000 ಆದರಂತೆ. ದೇವರಿಗೆ ಪ್ರದಕ್ಷಿಣೆ ಬಂದರೆ ಪುಣ್ಯ ಹೆಚ್ಚುವುದೆಂದು ಕೇಳಿದ್ದೆವು. ಅಧಿಕಾರಿಗೆ ಪ್ರದಕ್ಷಿಣೆ ಬಂದರೆ ಸೈನ್ಯವೇ ಹೆಚ್ಚುವುದೆಂದು ಹೈದರನು ತೋರಿಸಿಕೊಟ್ಟನು.

ಇದನ್ನು ಕೇಳಿ ಹೈದರನೊಬ್ಬನನ್ನೇ ಹಳಿಯಬೇಕಾದ್ದಿಲ್ಲ. ಅದೇ ಕಾಲದ ಇಂಗ್ಲಿಷ್ ನೌಕಾಸೈನ್ಯದಲ್ಲಿ, ಇಲ್ಲದ ನಾವಿಕರ ಹೆಸರನ್ನು ಹಡಗಿನ ಪುಸ್ತಕದಲ್ಲಿ ಬರೆದು, ಅವರ ಸಂಬಳವನ್ನು ಮಡಿದವರ ವಿಧವೆಯರ ನಿಧಿಗೆ ಸೇರಿಸುವ ಪದ್ಧತಿಯನ್ನು ಸರಕಾರವೇ ಒಪ್ಪಿಕೊಂಡಿದ್ದಿತು. ಸುಳ್ಳು ಹೆಸರು ಅಲ್ಲಿ ಸತ್ಕಾರ್ಯಕ್ಕೆ ಬಂದಿತು. ಇಲ್ಲಿ ಒಬ್ಬನ ಭಾಗ್ಯೋದಯಕ್ಕೆ ಬಂದಿತು. ಹೈದರನಾದರೋ ದೊರೆಯಾದ ಮೇಲೆ ಲೆಕ್ಕದವರನ್ನು ಬಹು ಕಟ್ಟುನಿಟ್ಟಾಗಿ ಕಂಡನೆಂದು ಪ್ರಸಿದ್ಧಿ. ಕಳ್ಳದಾರಿಗಳನ್ನೆಲ್ಲ ತಾನೇ ನಡೆದು ಬಲ್ಲವನಿಗಿಂತ ಒಳ್ಳೆಯ ಕಾವಲುಗಾರನು ಯಾರು?

ಆದರೆ ಈ ವಿನೋದದ ಜೊತೆಗಾರನ ಗತಿಯನ್ನೂ ಹೇಳಿಬಿಡಬೇಕು. ಖಂಡೇರಾಯನು 1760ರಲ್ಲಿ ಹೈದರನಿಗೆ ತಿರುಗಿಬಿದ್ದನು. ಮರುವರ್ಷ ಸೋತು ಸೆರೆಸಿಕ್ಕನು. ಅವನನ್ನು ಗಿಣಿಯಂತೆ ಸಾಕುವೆನೆಂದು ಹೈದರನು ಅರಮನೆಯವರಿಗೆ ಮಾತು ಕೊಟ್ಟಿದ್ದನು. ಮಾತಿನಂತೆಯೇ ನಡೆದನು. ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿ ಕೂಡಿ ಹಾಲು ಅನ್ನ ಹಾಕಿಸಿದನು. ಮಾತಿಗೂ ಅರ್ಥಕ್ಕೂ ನಡುವೆ ಇರುವ ಸಂದಿನಲ್ಲಿ ಬಹುದಿನ ವ್ಯಾಪಾರ ಮಾಡಿದ ಆ ಲೆಕ್ಕಿಗನು ಅದೇ ಸಂದಿನಲ್ಲಿ ಸಿಕ್ಕಿ ಮುಗಿದುಹೋದನು. ಅರಿಸಿನದ ಬಟ್ಟೆಯ ಕಥೆಗೆ ನಕ್ಕಷ್ಟು ಸಲೀಸಾಗಿ ಇದಕ್ಕೆ ನಗಲಾಗುವುದಿಲ್ಲ.

ಎರಡನೆಯ ತಂಗು ಕನ್ನಂಬಾಡಿಯ ಬಳಿ, 1791ರ ಮೇ ತಿಂಗಳು. ಈಗ ಮೈಸೂರಿನಲ್ಲಿ ಆಳುವವನು ಹೈದರನ ಮಗ ಟಿಪ್ಪು ಸುಲ್ತಾನ. ಇಂಗ್ಲಿಷರ ಗೌರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸನು ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದು, ಶ್ರೀರಂಗಪಟ್ಟಣದ ಕಡೆ ನಡೆದು, ಮೇ 15ರಂದು ಅರಕೆರೆಯ ಸಮೀಪದಲ್ಲಿ ಯುದ್ಧವನ್ನು ಗೆದ್ದನು. ಕಾಗದದ ಮೇಲೆ ಇದು ಜಯ. ನೆಲದ ಮೇಲೆ ನೋಡಿದರೆ ದಂಡಿನಲ್ಲಿ ಅಕ್ಕಿಯಿಲ್ಲ, ತೋಪುಗಳನ್ನು ಎಳೆಯುವ ಎತ್ತುಗಳು ಗುಂಪುಗುಂಪಾಗಿ ಸತ್ತು ಬೀಳುತ್ತಿವೆ, ಸಿಡುಬು ಹರಡಿದೆ, ಮಳೆ ಹಿಡಿದಿದೆ. ಗೆದ್ದ ಸೇನಾಪತಿಯು ತಾನು ಅಷ್ಟು ದೂರ ಎಳೆದು ತಂದಿದ್ದ ಮುತ್ತಿಗೆಯ ತೋಪುಗಳನ್ನು ತಾನೇ ಒಡೆಸಿ ಹಾಕಿ ಬೆಂಗಳೂರಿನ ಕಡೆ ಹಿಂದಿರುಗಬೇಕಾಯಿತು.

ಹೊರಟ ದಿನವೇ ಎರಡು ಸಾವಿರದಷ್ಟು ಕುದುರೆ ಸವಾರರು ಕಾಣಿಸಿಕೊಂಡರು. ಸುಲ್ತಾನನ ದಂಡೆಂದು ಇಂಗ್ಲಿಷರು ಗುಂಡು ಹಾರಿಸುವುದಕ್ಕೆ ಸಿದ್ಧವಾದರು. ಒಬ್ಬ ಸವಾರನು ಮುಂದೆ ಬಂದು, ತಾವು ಮರಾಠರೆಂದೂ ನಿಮ್ಮ ಸ್ನೇಹಿತರೆಂದೂ ಕೂಗಿ ಹೇಳಬೇಕಾಯಿತು. ಹರಿಪಂತನ ಮತ್ತು ಪರಶುರಾಮ ಭಾವುವಿನ ಮಹಾಸೈನ್ಯ ಇಷ್ಟು ಹತ್ತಿರದಲ್ಲಿರುವುದು ಕಾರ್ನ್‌ವಾಲಿಸನಿಗೆ ತಿಳಿದೇ ಇರಲಿಲ್ಲ. ಸುದ್ದಿ ತರುವ ಹರಿಕಾರರನ್ನೆಲ್ಲ ಟಿಪ್ಪುವಿನ ಜನ ದಾರಿಯಲ್ಲೇ ಹಿಡಿದಿದ್ದರು. ಒಂದು ವಾರ ಮುಂಚೆ ತಿಳಿದಿದ್ದರೆ ತೋಪುಗಳು ಉಳಿಯುತ್ತಿದ್ದುವು.

ಈಗ ನೋಡಿರಿ ಸ್ನೇಹಿತರ ಉಪಚಾರವನ್ನು. ಮರಾಠರ ಪಾಳೆಯದಲ್ಲಿ ಒಂದು ಬಜಾರಿದ್ದಿತು. ಅದರಲ್ಲಿ ಇಂಗ್ಲೆಂಡಿನ ಬನಾತು, ಕಾಶ್ಮೀರದ ಶಾಲು, ಚಾಕುಗಳು, ವಜ್ರದ ಓಲೆಗಳು, ಕುರಿ, ಕೋಳಿ, ಒಣಮೀನು, ನಾನಾ ದೇಶಗಳ ನಾಣ್ಯ ಬದಲಾಯಿಸುವ ಸರಾಫರು ಎಲ್ಲವೂ ಉಂಟು. ಅನೇಕ ಊರುಗಳನ್ನು ಸುಲಿದು ಬಂದ ಸೈನ್ಯಕ್ಕೆ ಸರಕಿನ ಕೊರತೆಯೇನು? ಧಾನ್ಯವೂ ಧಾರಾಳವಾಗಿ ಇದ್ದಿತು, ಬೆಲೆ ಮಾತ್ರ ಹಸಿದವನ ಮುಖ ನೋಡಿ ಹೇಳತಕ್ಕದ್ದು. ಮಿತ್ರರು ಪ್ರಾಣ ಉಳಿಸಿದರು; ಜೇಬನ್ನು ಉಳಿಸಲಿಲ್ಲ. ಬಿಲ್ಕೊ ಆ ಬಜಾರಿಗೆ ಬಂದಿದ್ದರೆ ಗುರುಗಳ ಪಾದಕ್ಕೆ ನಮಸ್ಕಾರ ಮಾಡಿ ಶಿಷ್ಯವೃತ್ತಿಯನ್ನು ಹಿಡಿಯುತ್ತಿದ್ದನು.

ಇನ್ನು ಸಾವನದುರ್ಗಕ್ಕೆ ಬರೋಣ. ಮತ್ತೆ ಶ್ರೀರಂಗಪಟ್ಟಣಕ್ಕೆ ಹೋಗುವ ಮೊದಲು ದಾರಿಯ ದುರ್ಗಗಳನ್ನು ಹಿಡಿದು ಧಾನ್ಯ ಬರುವ ಹಾದಿಯನ್ನು ಭದ್ರಮಾಡಿಕೊಳ್ಳಬೇಕೆಂಬ ಬುದ್ಧಿಯನ್ನು ಆ ಹಸಿವು ಕಾರ್ನ್‌ವಾಲಿಸನಿಗೆ ಕಲಿಸಿತು. ಅಕ್ಟೋಬರಿನಲ್ಲಿ ನಂದಿದುರ್ಗ ಬಿದ್ದಿತು. ಡಿಸೆಂಬರಿನಲ್ಲಿ ಸಾವನದುರ್ಗದ ಸರದಿ.

ಸಾವನದುರ್ಗವನ್ನು ಕಂಡವರಿಗೆ ಅದನ್ನು ವರ್ಣಿಸಬೇಕಾದ್ದಿಲ್ಲ. ಕಾಣದವರು, ಸಮುದ್ರಮಟ್ಟದಿಂದ ಸುಮಾರು 4,000 ಅಡಿ ಎತ್ತರಕ್ಕೆ ನಿಂತ ಒಂದೇ ಕಲ್ಲನ್ನು ಊಹಿಸಿಕೊಳ್ಳಲಿ. ನೆತ್ತಿಯಲ್ಲಿ ಅದು ಎರಡಾಗಿ ಒಡೆದು ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳಾಗಿದೆ. ಒಂದು ಶಿಖರ ಹೋದರೆ ಇನ್ನೊಂದಕ್ಕೆ ಹಿಂದೆಗೆದು ಕಾದಬಹುದೆಂದು ಎರಡಕ್ಕೂ ಬೇರೆ ಬೇರೆ ಕೋಟೆ. ಸುತ್ತಲೂ ಆಗ ಮೈಲಿಗಟ್ಟಲೆ ಬಿದಿರಿನ ಕಾಡು, ಕಾಡಿನಲ್ಲಿ ಪ್ರಾಣ ತೆಗೆಯುವ ಜ್ವರ. ಮಾಗಡಿಯ ಕೆಂಪೇಗೌಡರ ವಂಶದವರಿಗೆ ಅದು ಆಶ್ರಯವಾಗಿದ್ದಿತು. 1728ರಲ್ಲಿ ದಳವಾಯಿ ದೇವರಾಜಯ್ಯನು ಅದನ್ನು ಮೈಸೂರಿಗೆ ಸೇರಿಸಿದನು. ಅಭೇದ್ಯವಾದ ಕೋಟೆಗಳ ಪಟ್ಟಿಯೊಂದನ್ನು ಯಾರು ಬರೆದಿದ್ದರೂ ಸಾವನದುರ್ಗದ ಹೆಸರು ಮೊದಲ ಪುಟದಲ್ಲಿ ಇರಬೇಕಾದುದೇ.

ಟಿಪ್ಪುವಿನ ಸೈನ್ಯದ ಕಾಗದಗಳೂ ಅಚ್ಚುಕಟ್ಟಾದುವೇ. ಕುಷೂನಿಗೆ ಸಿಪಹದಾರ, ರಿಸಾಲೆಗೆ ರಿಸಾಲದಾರ, ಜೌಕಿಗೆ ಜೌಕದಾರ ಎಂದು ಕ್ರಮವಾದ ಪದವಿಗಳಿದ್ದುವು. ಕವಾಯತಿನ ನಿಯಮಗಳಿಗಾಗಿಯೇ ಸುಲ್ತಾನನು ಒಂದು ಗ್ರಂಥವನ್ನು ಬರೆಯಿಸಿದ್ದನು. ಇಂಗ್ಲಿಷರು ಸಾವನದುರ್ಗಕ್ಕೆ ಮುತ್ತಿಗೆ ಹಾಕಿದರೆಂಬ ಸುದ್ದಿ ಬಂದಾಗ ಸುಲ್ತಾನನು ಸಂತೋಷಪಟ್ಟನೆಂದು ಒಂದು ಹೇಳಿಕೆಯುಂಟು: ಬಂದ ಬಿಳಿಯರಲ್ಲಿ ಅರ್ಧ ಜನ ಜ್ವರದಿಂದ ಸಾಯುವರು, ಇನ್ನರ್ಧ ಜನ ಲಗ್ಗೆಯಲ್ಲಿ ಸಾಯುವರು ಎಂಬುದು ಅವನ ಎಣಿಕೆಯಂತೆ. ಲೆಕ್ಕದಲ್ಲಿ ತಪ್ಪಿಲ್ಲ, ಎರಡು ಅರ್ಧ ಸೇರಿದರೆ ಒಂದು.

ಆದದ್ದು ಬೇರೆ. ಲೆಫ್ಟಿನೆಂಟ್ ಕರ್ನಲ್ ಸ್ಟುವರ್ಟನು ಡಿಸೆಂಬರ್ 10ರಂದು ದುರ್ಗದ ಸಮೀಪದಲ್ಲಿ ಬೀಡುಬಿಟ್ಟು, ಬಿದಿರು ಕಡಿಸಿ ದಾರಿ ಮಾಡಿಸಿ, ಕಬ್ಬಿಣದ ತೋಪುಗಳನ್ನು ಬಂಡೆಗಳ ಮೇಲೆ ಎಳೆಸಿದನು. ಕಾಡು ಕಾಯುತ್ತದೆಂದು ನಂಬಿ ಕೋಟೆಯವರು ಕಾಡನ್ನು ಕಾಯಲಿಲ್ಲ. 17ರಂದು ತೋಪುಗಳು ಹಾರಿದುವು. ಮೂರು ದಿನಗಳಲ್ಲಿ ಗೋಡೆ ಬಿರಿದು ದಾರಿಯಾಯಿತು. 21ರ ಬೆಳಗ್ಗೆ 11 ಗಂಟೆಗೆ, 52ನೆಯ ರೆಜಿಮೆಂಟಿನ ವಾದ್ಯದವರು ತಮ್ಮ ದೇಶದ ವೀರಗೀತೆಯೊಂದನ್ನು ಬಾರಿಸುತ್ತಿರಲು, ಲಗ್ಗೆಯವರು ಹೊರಟರು. ಮದುವೆಯ ದಿಬ್ಬಣಕ್ಕೆ ಓಲಗವೆಂಬಂತೆ ಮರಣದ ದಿಬ್ಬಣಕ್ಕೂ ಓಲಗ! ಬಿರುಕನ್ನು ಕಾಯಲು ಇಳಿದು ಬಂದಿದ್ದ ಕೋಟೆಯ ಜನರು ಇವರನ್ನು ಕಂಡೊಡನೆ ದಿಗಿಲುಬಿದ್ದು ಮೇಲಕ್ಕೆ ಓಡಿದರು. ಪಶ್ಚಿಮದ ಶಿಖರಕ್ಕೆ ಹೋಗುವ ಕಡಿದಾದ ದಾರಿಯಲ್ಲಿ ಒಂದರ ಮೇಲೊಂದು ಬಾಗಿಲುಗಳಿದ್ದುವು. ಒಂದೇ ಒಂದು ಬಾಗಿಲನ್ನು ಮುಚ್ಚಿದ್ದರೆ ಸುಲ್ತಾನನ ಲೆಕ್ಕ ಸರಿಯಾಗುತ್ತಿತ್ತೋ ಏನೋ.

ನಮ್ಮ ಹವಲ್ದಾರನು ಕಡೆಗೂ ಬರುವುದು ಇಲ್ಲಿ. ಓಡುವವರ ನಡುವೆ ಒಬ್ಬನು ಮಾತ್ರ ನಿಂತು ಮೊದಲನೆಯ ಬಾಗಿಲನ್ನು ಮುಚ್ಚುತ್ತಿದ್ದನು. ಬೆನ್ನಟ್ಟಿ ಬರುತ್ತಿದ್ದ 71ನೆಯ ರೆಜಿಮೆಂಟಿನ ಒಬ್ಬ ಸಾರ್ಜೆಂಟನು ದೂರದಿಂದಲೇ ಗುರಿಯಿಟ್ಟು ಅವನನ್ನು ಹೊಡೆದನು. ಬಾಗಿಲು ತೆರೆದೇ ಉಳಿಯಿತು. ಓಡುವವರೂ ಅಟ್ಟುವವರೂ ಒಂದೇ ಗುಂಪಾಗಿ ಬಾಗಿಲ ಮೇಲೆ ಬಾಗಿಲನ್ನು ದಾಟಿ ನೆತ್ತಿಗೆ ಏರಿದರು. ಒಂದು ಗಂಟೆಯೊಳಗೆ ಎಲ್ಲವೂ ಮುಗಿಯಿತು. ಲಗ್ಗೆಯವರ ಪಕ್ಷದಲ್ಲಿ ಆದ ನಷ್ಟ ಗಾಯಗೊಂಡ ಒಬ್ಬನೇ ಸಿಪಾಯಿ. ಕೋಟೆಯವರ ಪಕ್ಷದಲ್ಲಿ ನೂರಕ್ಕಿಂತ ಹೆಚ್ಚು ಮಂದಿ ಆ ಶಿಖರದ ಮೇಲೆ ಸತ್ತರು. ತಪ್ಪಿಸಿಕೊಳ್ಳುವ ಆತುರದಲ್ಲಿ ಎಷ್ಟೋ ಮಂದಿ ಬಂಡೆಯಿಂದ ಜಾರಿ ಪ್ರಪಾತಕ್ಕೆ ಬಿದ್ದರು.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯನ್ನು ನಾವು ಮಂದಬುದ್ಧಿಯವರನ್ನು ಹಾಸ್ಯ ಮಾಡುವುದಕ್ಕಾಗಿ ಬಳಸುತ್ತೇವೆ. ಸಾವನದುರ್ಗದ ಬಾಗಿಲ ಬಳಿ ನಿಂತ ಆ ಮನುಷ್ಯನು ಕೋಟೆ ಸೂರೆಹೋಗುವುದಕ್ಕೆ ಮುಂಚೆಯೇ ಬಾಗಿಲು ಹಾಕಲು ಹೋದವನು. ಸುಲ್ತಾನನ ಗ್ರಂಥದಲ್ಲಿ ಹೇಳಿದ್ದನ್ನು ಆ ದಿನ ನಡೆಸಿದವನು ಅವನು. ಅವನ ಹೆಸರು ಯಾವ ಪುಟದಲ್ಲಿಯೂ ಉಳಿದಿಲ್ಲ. ಅವನನ್ನು ಕೊಂದ ಸಾರ್ಜೆಂಟನ ಹೆಸರನ್ನು ಗೆದ್ದವರು ಬರೆದ ಕಥೆಯೂ ಹೇಳುವುದಿಲ್ಲ. ಸ್ಟುವರ್ಟನ ಹೆಸರು ಉಳಿಯಿತು, ಕಾರ್ನ್‌ವಾಲಿಸನ ಹೆಸರು ಉಳಿಯಿತು, ಬಾರಿಸಿದ ಹಾಡಿನ ಹೆಸರು ಸಹ ಉಳಿಯಿತು. ದಿಂಡಿಗಲ್ಲಿನಲ್ಲಿ ಇಲ್ಲದವರ ಹೆಸರುಗಳು ಪಟ್ಟಿಯನ್ನು ತುಂಬಿದುವು. ಇಲ್ಲಿ ನಿಜವಾಗಿ ಇದ್ದವರ ಹೆಸರುಗಳೇ ಪಟ್ಟಿಯಿಂದ ಬಿಟ್ಟುಹೋದುವು.

ಏಳು ವರ್ಷಗಳಾದ ಮೇಲೆ ಇನ್ನೊಬ್ಬ ಸಾರ್ಜೆಂಟನ ಹೆಸರು ಮಾತ್ರ ಹೇಗೋ ಉಳಿದುಕೊಂಡಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಲಗ್ಗೆಯಲ್ಲಿ ಎಲ್ಲರಿಗಿಂತ ಮುಂದೆ ಹೋಗತಕ್ಕ ತುಕಡಿಗೆ ಬೊಂಬಾಯಿ ರೆಜಿಮೆಂಟಿನ ಗ್ರಹಾಮ್ ಎಂಬ ಸಾರ್ಜೆಂಟನು ನಾಯಕನಾಗಿದ್ದನು. ಬದುಕಿ ಬಂದರೆ ಅವನಿಗೆ ಲೆಫ್ಟಿನೆಂಟ್ ಪದವಿ ಸಿಕ್ಕಬೇಕಾಗಿದ್ದಿತು. ಬಿರುಕನ್ನೇರಿದ ಅವನು ಟೋಪಿಯನ್ನೆತ್ತಿ, ಲೆಫ್ಟಿನೆಂಟ್ ಗ್ರಹಾಮನಿಗೆ ಶುಭವಾಗಲೆಂದು ತನಗೆ ತಾನೇ ಜಯಕಾರ ಹೇಳಿಕೊಂಡನಂತೆ. ಮತ್ತೆ ಏರಿ ಬಾವುಟವನ್ನು ನೆಟ್ಟ ಕ್ಷಣದಲ್ಲಿ ಗುಂಡು ತಗುಲಿ ಸತ್ತನು. ಲೆಫ್ಟಿನೆಂಟ್ ಗ್ರಹಾಮನೆಂಬ ಅಧಿಕಾರಿ ಯಾವ ಪಟ್ಟಿಯಲ್ಲಿಯೂ ಸೇರಲಿಲ್ಲ. ಕೆಲವು ನಿಮಿಷಗಳ ಕಾಲ ಒಬ್ಬನ ಬಾಯಿಯಲ್ಲಿ ಬದುಕಿದ್ದನು, ಅಷ್ಟೇ. ನಗು ಬರುವ ಮಾತೇ. ಆದರೆ ಬಂದ ನಗು ಗಂಟಲಲ್ಲಿ ನಿಲ್ಲುತ್ತದೆ.

ಹಾಗಾದರೆ ತಂತ್ರಗಾರ ಹವಲ್ದಾರನ ಕಥೆಗಳಿಗೆ ನಗಬಾರದೆ? ಧಾರಾಳವಾಗಿ ನಗಬೇಕು. ಅಷ್ಟೇಕೆ, ಅವನು ಒಂದು ದೊಡ್ಡ ಉಪಕಾರವನ್ನೂ ಮಾಡುತ್ತಾನೆ. ಪಟ್ಟಿಯನ್ನು ಓದಿ ಸೈನ್ಯವನ್ನು ಕಂಡೆನೆಂದು ತಿಳಿಯುವ ದೊಡ್ಡವರಿಗೆ, ಕಟ್ಟನ್ನು ಬಿಚ್ಚಿ ನೋಡಿರಪ್ಪ ಎಂದು ಅವನ ಪ್ರತಿಯೊಂದು ಮೋಸವೂ ಬೋಧಿಸುತ್ತದೆ. 67 ಗಾಯಗಳು 700 ಆದರೆ ಹೋಗುವುದು ಖಜಾನೆಯ ಹಣ. ಅದೇ ಅಭ್ಯಾಸ ಬೆಳೆದು, ಕಲ್ಲು ಎತ್ತರವಾಗಿದೆ, ಕಾಡು ದಟ್ಟವಾಗಿದೆ, ಆದುದರಿಂದ ಕೋಟೆ ಭದ್ರವಾಗಿದೆ ಎಂದು ಒಂದು ರಾಜ್ಯವೇ ತನ್ನ ಹಾಜರಿಯನ್ನು ತಾನು ನಂಬಿಬಿಟ್ಟರೆ, ಹೋಗುವುದು ಬಾಗಿಲ ಬಳಿ ನಿಂತವನ ಪ್ರಾಣ. ಮೋಸ ಮಾಡಿದವನು ಸಾಮಾನ್ಯವಾಗಿ ಆ ಹೊತ್ತಿಗೆ ಬಾಗಿಲಿನ ಬಳಿ ಇರುವುದಿಲ್ಲ.

ಈಗ ಸಾವನದುರ್ಗದ ಬುಡದಲ್ಲಿ ವೀರಭದ್ರಸ್ವಾಮಿಯ ಗುಡಿಯೂ ನರಸಿಂಹಸ್ವಾಮಿಯ ಗುಡಿಯೂ ಇವೆ. ನೆತ್ತಿಯ ಮೇಲೆ ನಂದಿಯ ಒಂದು ಸಣ್ಣ ಮಂಟಪವಿದೆ. ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ತರುಣರು ಬಂದು ಬಂಡೆಯನ್ನು ಹತ್ತುತ್ತಾರೆ. ನಾವು ಹತ್ತಿದಾಗ ದಾರಿಯಲ್ಲಿ ಹಳೆಯ ಕೋಟೆಯ ಗೋಡೆಗಳ ಅವಶೇಷಗಳ ನಡುವೆ ತುಸುಹೊತ್ತು ಕುಳಿತು ದಣಿವಾರಿಸಿಕೊಂಡೆವು. ಬಾಗಿಲುಗಳ ಕದಗಳು ಎಂದೋ ಹೋಗಿವೆ. ತಾವೂ ಎಂದಾದರೂ ಅಲ್ಲಿಗೆ ಹೋದರೆ, ಮೇಲೆ ಹತ್ತಿ ನಾಲ್ಕು ದಿಕ್ಕನ್ನು ನೋಡುವ ಮೊದಲು, ಬುತ್ತಿಯನ್ನು ಬಿಚ್ಚುವ ಮೊದಲು, ಆ ಗೋಡೆಗಳ ಹತ್ತಿರ ಒಂದು ನಿಮಿಷ ನಿಲ್ಲಿರಿ. ಅಲ್ಲಿ ಒಬ್ಬನು ಹಾಜರಿದ್ದನು. ಅವನ ಹೆಸರನ್ನು ಕರೆಯುವುದಕ್ಕೆ ನಮಗೆ ಬಾರದು; ಕರೆಯದಿದ್ದರೂ ಅವನು ಹಾಜರಿದ್ದನೆಂಬುದನ್ನು ನಾವು ಬರೆದುಕೊಳ್ಳಬಹುದು.